ನಾನು ರೈಫಲ್ ಎಂದು ಬರೆದ ನಾಡಬಂದೂಕು

ಕ್ಯಾಸಂಬಳ್ಳಿ ಕಡೆಯ ರೈತ ಮುನಿಯಪ್ಪನ ಬಂದೂಕು ರೈಫಲ್ ಆಗಿರಲಿಲ್ಲ. ಅದನ್ನು ರೈಫಲ್ ಎಂದು ಬರೆದವನು ನಾನು. ಅಲ್ಲವೆಂದು ತಿಳಿದ ಮೇಲೂ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹಾಗೆಯೇ ಹೇಳಿದವನೂ ನಾನೇ — ಇದರಲ್ಲಿ ಬೇರೆ ಯಾರ ಪಾಲೂ ಇಲ್ಲ.

ಬಂಗಾರಪೇಟೆಯಲ್ಲಿ ಬಂದೂಕು ಪರವಾನಗಿಗಳನ್ನು ನೋಡಿಕೊಳ್ಳುವ ಗುಮಾಸ್ತನಾಗಿದ್ದೆ. ಕೆಲಸ ಚೆನ್ನಾಗಿ ಬರುತ್ತಿತ್ತು. ಈ ವಯಸ್ಸಿನಲ್ಲಿ ಸುಳ್ಳು ವಿನಯ ಬೇಡ. ಒಂದೇ ಕೈಯಲ್ಲಿ ಹಿಡಿದು ಹೊಡೆಯುವಂಥದ್ದು ಪಿಸ್ತೂಲು. ಭುಜಕ್ಕೆ ಆನಿಸಿ ಹೊಡೆಯುವುದರಲ್ಲಿ ನಳಿಗೆಯ ಒಳಮೈ ನುಣುಪಾಗಿದ್ದರೆ ನಾಡಬಂದೂಕು, ಸುರುಳಿಯಾಗಿ ಗೀರು ಕೊರೆದಿದ್ದರೆ ರೈಫಲ್. ಹಂದಿಯಿಂದ ಬೆಳೆ ಕಾಯುವ ರೈತನಿಗೆ ನಾಡಬಂದೂಕಿಗೆ ಮಾತ್ರ ಪರವಾನಗಿ. ಅವನ ಹತ್ತಿರ ರೈಫಲ್ ಸಿಕ್ಕಿತೋ, ಜೈಲು. ನಾನು ನಳಿಗೆಯ ಬಾಯನ್ನು ಬಿಸಿಲಿಗೆ ಹಿಡಿದು ಒಮ್ಮೆ ಇಣುಕಿ ಯಾವುದೆಂದು ಹೇಳಿಬಿಡುತ್ತಿದ್ದೆ.

ಆ ವರ್ಷದ ತಪಾಸಣೆಗೆ ಹೋದಾಗ ರೈತರೆಲ್ಲ ಬಂದೂಕು ತಂದು ಸಾಲಾಗಿ ಕೂತಿದ್ದರು. ಮುನಿಯಪ್ಪನ ನಳಿಗೆಯೊಳಗೆ ಸುರುಳಿ ಗೀರು ಕಂಡಿತು. "ಇದು ರೈಫಲ್," ಎಂದೆ, ಎಲ್ಲರಿಗೂ ಕೇಳುವ ಹಾಗೆ. ಅವನು ಬೆಪ್ಪಾಗಿ ನನ್ನನ್ನೇ ನೋಡಿದ. ಅವನ ಹೆಂಡತಿ ನಂಜಮ್ಮ ಮುಂದೆ ಬಂದಳು.

"ಅದು ಮಸಿ ಸೋಮಿ. ನನ್ ತಮ್ಮ ಗಣೀಲಿ ಕೆಲ್ಸ ಮಾಡ್ತಾನೆ, ಅಲ್ಲಿಂದ ಅಳೇ ಉಕ್ಕಿನ ತಂತಿ ಎಳೆ ತಂದ್ಕೊಟ್ಟವ್ನೆ. ಅದ್ನೇ ಒಳೀಕ್ ಆಕಿ ತಿರುವಿ ತಿರುವಿ ಕೆರೀತೀವಿ. ಅದ್ರ ಗುರ್ತು ಬಿದ್ದೈತೆ, ಅಷ್ಟೇಯ. ಸೀಮೆಣ್ಣೆ ಬಟ್ಟೆ ಆಕಿ ಒರ್ಸಿ ನೋಡಿ."

"ನನಗೇ ಹೇಳಿಕೊಡೋಕೆ ಬಂದೆಯಾ?" ಎಂದೆ. ಸುತ್ತ ಇದ್ದವರು ನಕ್ಕರು. ಆ ನಗು ನನಗೆ ಹಿತವಾಗಿತ್ತು — ಹೌದು, ಹಿತವಾಗಿಯೇ ಇತ್ತು. ನಾನು ಒರೆಸಿ ನೋಡಲಿಲ್ಲ.

ಮರುದಿನ ಕಚೇರಿಯಲ್ಲಿ, ವಶಕ್ಕೆ ತೆಗೆದುಕೊಂಡ ಬಂದೂಕಿಗೆ ಮೊಹರು ಹಾಕುವ ಮುನ್ನ, ಯಾಕೋ ಮನಸ್ಸು ತಡೆಯದೆ ಬಟ್ಟೆ ಹಾಕಿ ಎಳೆದೆ. ಕಪ್ಪು ಮಸಿ ಬಂತು. ಇನ್ನೊಮ್ಮೆ ಎಳೆದು ಇಣುಕಿದೆ. ಒಳಮೈ ನುಣ್ಣಗಿತ್ತು. ವರದಿ ಆಗಲೇ ಹೋಗಿತ್ತು, ಆದರೆ ವಾಪಸು ತರಿಸಬಹುದಿತ್ತು. ಮೇಲಿನವರು ನಾಲ್ಕು ಮಾತು ಬೈಯುತ್ತಿದ್ದರು, ಊರಿನವರು ಒಂದು ವಾರ ಆಡಿಕೊಳ್ಳುತ್ತಿದ್ದರು. ಅಷ್ಟಕ್ಕೆ ಹೆದರಿ ನಾನು — ಮೊಹರು ಹಾಕಿದೆ.

ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಕೇಳಿದ್ದು ಒಂದೇ ಪ್ರಶ್ನೆ: "ಖಚಿತವೇ?"

"ಖಚಿತ, ಸ್ವಾಮಿ."

ಅವರು ನಳಿಗೆಯೊಳಗೆ ನೋಡಲೇ ಇಲ್ಲ, ನನ್ನ ಮಾತೇ ಸಾಕಾಯಿತು. ಮುನಿಯಪ್ಪನಿಗೆ ಆರು ತಿಂಗಳ ಸಜೆ. ಬಂದೂಕು ಹೋಯಿತು, ಮತ್ತೆ ಪರವಾನಗಿ ಸಿಗಲಿಲ್ಲ. ಕಡಲೆಕಾಯಿ ಹೊಲವನ್ನು ಹಂದಿಗಳು ಅಗೆದುಹಾಕಿದವು. ಕೊನೆಗೆ ಅವನೂ ಗಣಿಯ ಕೂಲಿಗೆ ಇಳಿದ. ಕಳ್ಳ ರೈಫಲ್ ಇಟ್ಟವನು ಎಂಬ ಹೆಸರು ಅವನ ಬೆನ್ನು ಬಿಡಲಿಲ್ಲ.

ಹೋದ ತಿಂಗಳು ಅವನು ತೀರಿಹೋದನೆಂದು ಕೇಳಿದೆ. ನಂಜಮ್ಮ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾಳೆ. ಹೋಗಿ, ಅವಳ ಎದುರು ನಿಂತು, ಎಲ್ಲವನ್ನೂ ಹೇಳಿದೆ. ಅವಳು ಕೊತ್ತಂಬರಿ ಕಟ್ಟುವುದನ್ನು ನಿಲ್ಲಿಸಲಿಲ್ಲ. ಕಟ್ಟುತ್ತಲೇ ಅಂದಳು:

"ನೀವು ತಿಳೀದೆ ಬರ್ದಿರ್ಬೇಕು ಅಂತ ಆಯಪ್ಪ ಸಾಯೋಗಂಟ ಏಳ್ತಿದ್ದ. ನಾನ್ ನಿಮ್ಮನ್ನ ಬೈದ್ರೆ ನನ್ ಮೇಲೇ ರೇಗ್ತಿದ್ದ."

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಈ ಬರಹಕ್ಕೆ ಸಹಿ ಹಾಕಿ ನಾಳೆ ಕೋರ್ಟಿಗೆ ಕೊಡುತ್ತೇನೆ. ಸುಳ್ಳು ಸಾಕ್ಷಿಗೆ ಏನು ಶಿಕ್ಷೆಯೋ ಅದು ಆಗಲಿ. ಇಷ್ಟು ವರ್ಷ ನನ್ನ ಪರವಾಗಿ ವಾದ ಮಾಡಿದವನು ಮುನಿಯಪ್ಪನೊಬ್ಬನೇ, ಅವನಿಗೆ ಮಾತ್ರ ನಾನು ನಿಜ ಹೇಳಲಿಲ್ಲ.