ಎದುರಿಗಿದ್ದರೂ ‘ಆಯಮ್ಮ’

ಈ ವಯಸ್ಸಿನಲ್ಲಿ ಸ್ಪ್ಯಾನಿಷ್ ಯಾಕೆ ಅಂತ ಕೇಳಬೇಡಿ. ಕೋಲಾರದ ಮನೆಯಲ್ಲಿ ಕೂತು ಆನ್‌ಲೈನ್ ಕ್ಲಾಸಿಗೆ ಸೇರಿದ್ದೇನೆ, ಅಷ್ಟೇ. (ಯೋಗ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು ಇದನ್ನಾದರೂ ಮುಗಿಸಲಿ ಎಂಬುದು ಮನೆಯವರ ಹಾರೈಕೆ.)

ಕಳೆದ ವಾರದ ಪಾಠ, ತೋರಿಸಿ ಹೇಳುವ ಪದಗಳು. ನಮಗೆ ‘ಈ’, ‘ಆ’ ಎರಡರಲ್ಲೇ ಸಂಸಾರ ಸಾಗುತ್ತದೆ. ಅವರಿಗೆ ಮೂರು ಬೇಕು. ನನ್ನ ಹತ್ತಿರದ ಪುಸ್ತಕ ‘ಎಸ್ತೆ’, ನಿಮ್ಮ ಹತ್ತಿರದ್ದು ‘ಎಸೆ’, ಇಬ್ಬರಿಗೂ ದೂರದ್ದು ‘ಅಕೆಲ್’. ಪುಸ್ತಕ ಅನ್ನದೆ ಬರೀ ‘ಎಸ್ತೆ’ ಅಂದರೂ ಸಾಕು, ನಮ್ಮ ‘ಇದು’ ಇದ್ದ ಹಾಗೆ. ನನಗೆ ಹಿಡಿಸಿದ್ದು ನಡುವಿನದು. ಅದನ್ನು ಬಳಸಬೇಕಾದರೆ ಎದುರಿನವರು ಎಲ್ಲಿದ್ದಾರೆ ಅಂತ ಮೊದಲು ನೋಡಬೇಕಲ್ಲ?

ಪಾಠ ಮುಗಿಯುವಷ್ಟರಲ್ಲಿ ಸುಗಟೂರಿನಿಂದ ಅಮ್ಮನ ವಿಡಿಯೊ ಕಾಲ್. ಅದಕ್ಕೆ ಎರಡು ದಿನ ಮೊದಲಷ್ಟೇ ಅವಳಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ನಮ್ಮಲ್ಲಿಗೆ ಬಾ ಅಂದರೆ ಹಸು ಬಿಟ್ಟು ಬರಲ್ಲ. ಡ್ರಾಪ್ಸ್ ಹಾಕಿ ಅಂತ ಪಕ್ಕದ ಮನೆಯ ಚಿಕ್ಕಮ್ಮನನ್ನು ನಾನೇ ಬೇಡಿಕೊಂಡಿದ್ದೆ. ಅಮ್ಮನ ಓರಗಿತ್ತಿ. ಚಿಕ್ಕಮ್ಮನ ಮಗನ ಮದುವೆಯಲ್ಲಿ ಕಳಶ ಹಿಡಿಯಲು ಅಮ್ಮನನ್ನು ಕರೆಯಲಿಲ್ಲ ಅಂತ ಇಬ್ಬರ ನಡುವೆ ಮಾತು ನಿಂತು ವರ್ಷಗಳಾದವು.

“ಆಯಮ್ಮನಿಗೆ ಹೇಳು, ಕೈ ನಡುಗ್ತೈತೆ ಅಂತ” ಅಂದಳು ಅಮ್ಮ. ಆಯಮ್ಮ ಅವಳ ರೆಪ್ಪೆ ಹಿಡಿದುಕೊಂಡೇ ನಿಂತಿದ್ದಾಳೆ.

“ನಿಮ್ಮಮ್ಮನಿಗೆ ಹೇಳಮ್ಮ, ಕಣ್ಣು ಮಿಟುಕಿಸ್ಬೇಡ ಅಂತ” ಅಂದಳು ಚಿಕ್ಕಮ್ಮ.

ಹೇಳಿದೆ. ಇಬ್ಬರಿಗೂ.

ನಮ್ಮ ಕಡೆ ಇದು ಹೊಸದಲ್ಲ. ಮುನಿಸಿಕೊಂಡವರು ಎದುರಿಗೇ ಕೂತು ಗೋಡೆಗೋ, ಮಗುವಿಗೋ, ಹಸುವಿಗೋ ಹೇಳುತ್ತಾರೆ. ಕೇಳಬೇಕಾದವರಿಗೆ ಕೇಳುತ್ತದೆ. ಕೆಲಸವೂ ಆಗುತ್ತದೆ, ಮುನಿಸಿನ ಮರ್ಯಾದೆಯೂ ಉಳಿಯುತ್ತದೆ. ಆದರೆ ಅವತ್ತು ನನಗೆ ಭಯವಾಯಿತು. ಆ ಮಾತು ಈ ಕಡೆ, ಈ ಮಾತು ಆ ಕಡೆ ನಾನು ಸಾಗಿಸುತ್ತಲೇ ಇದ್ದರೆ ಇವರಿಬ್ಬರೂ ಇನ್ನು ಮಾತಾಡುವುದೇ ಬೇಡವಲ್ಲ? ದೂರ ಮಾಡಿದ್ದು ಬರೀ ಕಳಶವಾ?

“ಇನ್ನೊಂದು ಬಾಟ್ಲಿ ಎಲ್ಲೈತೆ ಕೇಳು” ಅಂದಳು ಚಿಕ್ಕಮ್ಮ.

ಕಾಲ್ ಕಟ್ ಮಾಡಿದೆ. ಮತ್ತೆ ರಿಂಗ್ ಆಯಿತು. ಎತ್ತಲಿಲ್ಲ. ಜಗಳವಾಗಿ ಚಿಕ್ಕಮ್ಮ ಎದ್ದು ಹೋದರೆ ಅಮ್ಮನ ಕಣ್ಣಿನ ಗತಿಯೇನು?

ಸಂಜೆ ಅಮ್ಮನೇ ಫೋನ್ ಮಾಡಿದಳು. ಡ್ರಾಪ್ಸ್ ಹಾಕಿಸಿಕೊಂಡಳಂತೆ. ಇಬ್ಬರದೂ ಕಾಫಿ ಆಯಿತಂತೆ.

“ಏನ್ ಮಾತಾಡಿದ್ರಿ?” ಅಂದೆ.

“ನಮ್ದು ಏನೋ ಇರ್ತೈತೆ. ಮಧ್ಯದಲ್ಲಿ ನಿಂದೇನೇ?”