ಎರಡನೆಯ ಸಲ ಒಳಗೆ ಹೋದದ್ದು

ಆ ದಿನ ನನ್ನ ಹೆಂಡತಿ ಬೆಳಿಗ್ಗೆಯಿಂದ ಮಗ್ಗದ ಮುಂದೆ ಕೂತು ಹೊಸ ಹಾಸು ಕೂಡಿಸುತ್ತಿದ್ದಳು. ಮುಗಿದ ಸೀರೆಯ ಹಳೆ ಎಳೆಗಳ ತುದಿಗೆ ಹೊಸ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಹೊಸೆಯುವ ಕೆಲಸ ಅದು. ಸಾವಿರಾರು ಎಳೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಕಣ್ಣು ಬೀದಿಯ ಮೇಲಿಟ್ಟುಕೊಂಡೇ ಹೊಸೆಯುತ್ತಿದ್ದಳು. ಹಿಂದೂಪುರದ ನಮ್ಮ ಓಣಿಯಲ್ಲಿ ಅಷ್ಟು ಬೇಗ ಕೂಡಿಸುವವರು ಇನ್ನೊಬ್ಬರಿರಲಿಲ್ಲ. ನಾನು ಒಂದು ಎಳೆ ತಪ್ಪಿಸಿದ್ದಕ್ಕೆ, "ಆ ಕನ್ನಡಕ ನಿಮ್ಮ ಮೂಗಿಗೆ ಮಾಡ್ಸಿದ್ದೋ, ಕಣ್ಣಿಗೋ?" ಎಂದಳು.

ಮಧ್ಯಾಹ್ನ ಮುದ್ದೆ ಉಣ್ಣುವಾಗ, ಕಡಲೆಕಾಯಿ ಕೀಳುವ ಹೊತ್ತಿಗೆ ಕಲ್ಯಾಣದುರ್ಗಕ್ಕೆ ಹೋಗಿ ತವರಿನಲ್ಲಿ ಎಂಟು ದಿನ ಇದ್ದು ಬರುತ್ತೇನೆ ಎಂದಳು. ಪ್ರತಿ ವರ್ಷದ ಮಾತು. ನಾನು ಹೂಂ ಎಂದೆ.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ ಬಂದು, ಎದೆಯಲ್ಲಿ ಒಂದು ಗಂಟಿದೆ, ಬಹಳ ದಿನದಿಂದ ಇದೆ, ಈಗ ಕಂಕುಳಲ್ಲೂ ಕೈಗೆ ಸಿಗುತ್ತಿದೆ ಎಂದಳು.

ಕೊಡಿಕೊಂಡದ ಗಡಿ ದಾಟಿ ದೊಡ್ಡಾಸ್ಪತ್ರೆಗೆ ಓಡಾಡಿದೆವು. ಜೊತೆಗೆ ಅವಳ ಅಣ್ಣ ಕಲ್ಯಾಣದುರ್ಗದಿಂದ ಬರುತ್ತಿದ್ದ. ಕ್ಯಾನ್ಸರ್ ಎಂದು ಗೊತ್ತಾದ ದಿನ ಅವನೇ ನನ್ನನ್ನು ಪಕ್ಕಕ್ಕೆ ಕರೆದ. "ಅವಳ ಕಿವಿಗೆ ಬೀಳಬಾರ್ದು ಬಾವ. ಹೆಸ್ರು ಕೇಳಿದ್ರೆ ಅರ್ಧ ಜೀವ ಅಲ್ಲೇ ಹೋಯ್ತದೆ." ನಮ್ಮ ಜನ ಮಾಡುವುದೇ ಹಾಗೆ. ಅವಳಿಗೆ ನರದ ಗಂಟು ಎಂದೆವು. ಆಸ್ಪತ್ರೆಯ ಕಾಗದಗಳನ್ನು ನಾನು ಮಗ್ಗದ ಗುಂಡಿಯಲ್ಲಿ, ನೇಯುವಾಗ ಕಾಲಿಡುವ ಕಡೆ ಬಚ್ಚಿಟ್ಟೆ.

ಕೆಲವು ತಿಂಗಳ ಇಂಜೆಕ್ಷನ್ ಆದ ಮೇಲೆ, ಕಾಯಿಲೆ ಎಲುಬಿಗೆ ಇಳಿದಿದೆ ಎಂದರು. ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು. ನನ್ನನ್ನೂ ಅವಳ ಅಣ್ಣನನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಬೇರೆ ಇಂಜೆಕ್ಷನ್ ಕೊಡಬಹುದು, ಸ್ವಲ್ಪ ಕಾಲ ಹೆಚ್ಚಿಗೆ ಸಿಗಬಹುದು, ಸಿಗದೆಯೂ ಹೋಗಬಹುದು, ಬಾಯಿ ಹುಣ್ಣಾಗುತ್ತದೆ, ಬೆರಳು ಮರಗಟ್ಟುತ್ತವೆ. ಇಲ್ಲವೇ ಇದನ್ನೆಲ್ಲ ನಿಲ್ಲಿಸಿ, ನೋವಿಗೆ ಸರಿಯಾಗಿ ಔಷಧಿ ಕೊಟ್ಟು, ಮನೆಯಲ್ಲಿ ಇಷ್ಟ ಬಂದ ಹಾಗೆ ಇರಲು ಬಿಡಬಹುದು. "ಎರಡೂ ಚಿಕಿತ್ಸೆಯೇ. ಹೊರಗೆ ಕೂತಿದ್ದಾರಲ್ಲ, ಅವರನ್ನೇ ಕೇಳಿಕೊಂಡು ಬನ್ನಿ," ಎಂದರು.

ಹೊರಗೆ ಬಂದೆವು. ಅವಳು ಬೆಂಚಿನ ಮೇಲೆ ಕೂತು ಸೆರಗಿನ ತುದಿ ಹೊಸೆಯುತ್ತಿದ್ದಳು.

"ಏನಂತೆ?"

"ಇನ್ನೊಂದು ಥರ ಇಂಜೆಕ್ಷನ್ ಕೊಟ್ರೆ ವಾಸಿ ಆಯ್ತದಂತೆ," ಎಂದ ಅವಳ ಅಣ್ಣ.

"ಹಂಗಾರೆ ಕಲ್ಯಾಣದುರ್ಗ?"

"ಎಲ್ಲಿಗೋಯ್ತದಮ್ಮ ಕಲ್ಯಾಣದುರ್ಗ? ವಾಸಿ ಮಾಡ್ಕಂಡು ಬಾ."

ನಾನು ಮತ್ತೆ ಒಳಗೆ ಹೋದೆ. ಕೇಳಿದೆ, ಅವಳೂ ಒಪ್ಪಿದಳು ಎಂದೆ. ಡಾಕ್ಟರಮ್ಮ ನನ್ನ ಮುಖ ಒಂದು ಕ್ಷಣ ನೋಡಿ ಬರೆದುಕೊಂಡರು.

ಆಮೇಲೆ ಅವರು ಹೇಳಿದ್ದೆಲ್ಲ ಆಯಿತು. ಮನೆಗೆ ಎಳನೀರು ಹಿಡಿದು ಬಂದವರು "ನೀಕೇಮೀ ಕಾದಕ್ಕಾ" ಎಂದು ತೆಲುಗಿನಲ್ಲಿ ಒಮ್ಮೆ, ನಿನಗೇನೂ ಆಗಲ್ಲ ಎಂದು ಕನ್ನಡದಲ್ಲಿ ಒಮ್ಮೆ ಹೇಳಿ, ಹೊಸ್ತಿಲು ದಾಟಿದ ಮೇಲೆ ಎಷ್ಟು ದಿನವಂತೆ ಎಂದು ನನ್ನನ್ನು ಕೇಳುತ್ತಿದ್ದರು. ಅವಳ ಅಣ್ಣ ಒಂದು ಚೀಲ ಹಸಿ ಕಡಲೆಕಾಯಿ ತಂದ. ಬಾಯಿ ಹುಣ್ಣು, ತಿನ್ನಲಾಗಲಿಲ್ಲ. ಒಂದು ಕಾಯಿಯನ್ನು ಬೆರಳುಗಳ ನಡುವೆ ಬಹಳ ಹೊತ್ತು ಹೊರಳಿಸಿ, "ಕೈಯಾಗೆ ಇದೆಯೋ ಇಲ್ವೋ ಗೊತ್ತೇ ಆಗ್ತಿಲ್ಲ ಕಣಣ್ಣ," ಎಂದಳು. ಅವನು ಎದ್ದು ಹೊರಗೆ ಹೋದ. ತಪ್ಪಿಸಿಕೊಂಡು ಊರಿಗೆ ಹೋಗಲು ಅವನಿಗೆ ಬಸ್ಸಾದರೂ ಇತ್ತು.

ನೋವು ತಡೆಯಲಾಗದಾಗ, ಮನೆಗಳಿಗೆ ಬಂದು ರೋಗಿಗಳನ್ನು ನೋಡುವ ನರ್ಸಮ್ಮ ಒಬ್ಬರನ್ನು ಯಾರೋ ಹೇಳಿ ಕಳಿಸಿದರು. ಅವರು ಹೊತ್ತಿಗೆ ಸರಿಯಾಗಿ ಕೊಡಬೇಕೆಂದು ಮಾರ್ಫಿನ್ ಮಾತ್ರೆ ತಂದು, ಬಾಯಿ ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲ ತೋರಿಸಿಕೊಟ್ಟರು. "ಇದ್ನ ಮೊದ್ಲೇ ಶುರು ಮಾಡ್ಬೋದಿತ್ತಲ್ಲಪ್ಪ," ಎಂದರು. ಎರಡು ದಿನದಲ್ಲಿ ಅವಳ ಹುಬ್ಬಿನ ಗಂಟು ಸಡಿಲವಾಯಿತು. ಗಂಜಿ ಕುಡಿದಳು. ಮಗ್ಗದ ಕಡೆ ನೋಡಿ, "ಅರ್ಧ ಕೂಡ್ಸಿದ್ದೀರಿ, ಅದೂ ವಕ್ರ," ಎಂದು ನಕ್ಕಳು.

ಆ ಮಧ್ಯಾಹ್ನವೇ ಕೇಳಿದಳು. "ಅವತ್ತು ನೀವು ಎರಡ್ ಸಲ ಒಳಗೆ ಹೋದ್ರಲ್ಲ. ಡಾಕ್ಟ್ರು ಏನ್ ಕೇಳಿದ್ರು?"

ಹೇಳಬಹುದಾಗಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು.

"ಏನಿಲ್ಲ. ಚೀಟಿ ಮರ್ತಿದ್ದೆ," ಎಂದೆ.

ಅವಳು ಗೋಡೆಯ ಕಡೆ ತಿರುಗಿದಳು. ಆ ವಾರವೇ ಹೋದಳು.

ಕಾಗದಗಳು ಈಗಲೂ ಗುಂಡಿಯಲ್ಲಿವೆ. ನಾನು ನೇಯುವಾಗ ಕಾಲಿಗೆ ತಗಲುತ್ತವೆ. ಪ್ರತಿ ಪರೀಕ್ಷೆ, ಪ್ರತಿ ಇಂಜೆಕ್ಷನ್, ನನ್ನ ಸಹಿ, ಅವಳ ಅಣ್ಣನ ಸಹಿ ಎಲ್ಲ ಅವುಗಳಲ್ಲಿದೆ. ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳೋ, ಅದೊಂದು ಇಲ್ಲ.