ತಿಳಿನೀರು ಹೇಳಿದ ಸಾಕ್ಷಿ

ಮದ್ದೂರು ದಾಟಿ ಮಳವಳ್ಳಿ ಕಡೆಗೆ ಹರಿಯುವ ನಾಲೆಯ ಕಟ್ಟಕಡೆಯಲ್ಲಿ ಹೊನ್ನಯ್ಯನ ಊರು. ಇಪ್ಪತ್ತೆಂಟು ವರ್ಷದಿಂದ ಅಲ್ಲಿಗೆ ಅವನೇ ನೀರುಗಂಟಿ. ಯಾರ ಗದ್ದೆಗೆ ಯಾವ ದಿನ ನೀರು ಎಂದು ಹೇಳುವವನು, ತೂಬಿನ ಬೀಗದ ಕೈ ಇಟ್ಟುಕೊಂಡವನು. ಮೇಲಿನೂರಿನ ಕಬ್ಬಿನ ಗದ್ದೆಗಳ ಗೊಬ್ಬರ, ಆಲೆಮನೆಗಳಲ್ಲಿ ಕೊಪ್ಪರಿಗೆ ತೊಳೆದ ನೀರು, ಎಲ್ಲವೂ ಬಸಿದು ಬಂದು ಸೇರುವುದು ಈ ಊರಿನ ನಾಲೆಗೇ. ಐದು ವರ್ಷದಿಂದ ಬಾವಿಯ ನೀರು ಬಾಯಿಗಿಡುವಂತಿಲ್ಲ. ಹೊಲಸು ಆಚೆ ಹೋಗಲು ಬೇರೆ ಕಾಲುವೆ ತೋಡಿಸಿ ಎಂದು ನೀರಾವರಿ ಇಲಾಖೆಗೆ ಊರವರು ಅರ್ಜಿ ಕೊಟ್ಟರೆ, ಹಾನಿಗೆ ಪುರಾವೆ ಕೊಡಿ ಎಂಬ ಉತ್ತರ ಬಂತು.

ಅಷ್ಟರಲ್ಲಿ ಅಧ್ಯಯನ ತಂಡವೊಂದರ ದೀಪಶ್ರೀ ಫೋನು ಮಾಡಿದಳು. ಹೋಬಳಿಗಳ ಹಸಿರು ಉತ್ಪಾದಕತೆ ಅಳೆಯುವುದು ಅವಳ ಕೆಲಸ.

"ಬೆಳೆ ಎಷ್ಟು ಬಂತು, ಅದಕ್ಕೆ ನೀರು, ಗೊಬ್ಬರ ಎಷ್ಟು ಹೋಯ್ತು ಅಂತ ಲೆಕ್ಕ ಹಾಕ್ತೀವಿ ಹೊನ್ನಯ್ಯನವರೇ. ಪಕ್ಕದೂರು ಕೆಟ್ಟಿದ್ರೆ ಮೇಲಿನೂರಿನ ಅಂಕದಲ್ಲಿ ಅದನ್ನ ಕಳೀತೀವಿ. ಗುರುವಾರ ನಿಮ್ಮೂರ ನಾಲೆ ನೀರು ಪರೀಕ್ಷೆಗೆ ತಗೋಬೇಕು."

ಹೊನ್ನಯ್ಯನ ಕಿವಿಗೆ ಬಿದ್ದದ್ದು ಗುರುವಾರ ಜೀಪು ಬರುತ್ತದೆ ಎಂಬುದಷ್ಟೇ. ಸಾಹೇಬರ ಜೀಪು ಬರುವ ಮುನ್ನ ಜೊಂಡು ಕೊಯ್ದು, ತೂಬು ಎತ್ತಿ, ನಾಲೆಯಲ್ಲಿ ತಿಳಿನೀರು ತುಂಬಿ ಹರಿಯುವಂತೆ ಮಾಡುವುದು ನೀರುಗಂಟಿಯ ಧರ್ಮ. ಬುಧವಾರ ಬೆಳಗ್ಗೆಯೇ ಶುರುಮಾಡಿದ.

"ನಾರೋ ನೀರು ತೋರ್ಸಕ್ಕಿಲ್ವಾ? ನಾಲೆಗೆ ನೀರಾಕಿ ಮೀಯಿಸ್ತಾ ಕುಂತಿದ್ಯಲ್ಲ, ಮದ್ವೆ ಗೊತ್ತ್ಮಾಡಿದ್ದೀಯಾ ಅದ್ಕೆ?" ಎಂದಳು ಹೆಂಡತಿ ಬೆಳ್ಳಮ್ಮ.

"ಬಂದೋರ್ಗೆ ಒಲ್ಸು ತೋರ್ಸುದ್ರೆ ನನ್ ಮುಕಕ್ಕೇ ಉಗೀತಾರೆ ಕಣಮ್ಮಿ. ಅವ್ರ ಮನ್ಸು ತಂಪಾದ್ರೆ ಕಾಲ್ವೆ ತಾನಾಗೇ ಬತ್ತದೆ."

ಗುರುವಾರ ದೀಪಶ್ರೀ ತಿಳಿನೀರನ್ನು ಬಾಟಲಿಗೆ ತುಂಬಿಕೊಂಡು ಹೋದಳು.

ಮೂರು ತಿಂಗಳಿಗೆ ವರದಿ ಬಂತು. ಮೇಲಿನೂರಿನ ಹೋಬಳಿಯೇ ಮೊದಲು. ನೆರೆಯ ಪ್ರದೇಶದ ಮೇಲೆ ದುಷ್ಪರಿಣಾಮ ಕಂಡುಬಂದಿಲ್ಲ ಎಂದು ಅದರಲ್ಲಿತ್ತು. ಆ ಒಂದು ಸಾಲು ತೋರಿಸಿ ಕಾಲುವೆಯ ಅರ್ಜಿಯನ್ನು ಮುಚ್ಚಿದರು.

ಹೊನ್ನಯ್ಯ ಫೋನು ಮಾಡಿದ. "ಮೇಡಮ್ಮಾ, ಅವತ್ತಿನ ನೀರು ನಮ್ಮೂರ್ದಲ್ಲ. ತೂಬೆತ್ತಿ ನಾನೇ ಬುಟ್ಟಿದ್ದು."

"ಅದನ್ನೇ ಬರೆದು ಕೊಡಿ. ನಾನು ನಮ್ಮ ಹಿರಿಯರನ್ನ ಕೇಳಿ ನೋಡ್ತೀನಿ" ಎಂದಳು ದೀಪಶ್ರೀ.

ಬೆಳ್ಳಮ್ಮ ಬೇಡವೆಂದರೂ ಅವನು ಬರೆಸಿದ, ಸೊಟ್ಟಸೊಟ್ಟ ಅಕ್ಷರದಲ್ಲಿ ಸಹಿ ಹಾಕಿದ. ವರದಿ ಆಗಲೇ ಅಚ್ಚಾಗಿದೆ, ಮುಂದಿನ ಅಳತೆ ಮೂರು ವರ್ಷದ ಮೇಲೆ ಎಂದು ತಂಡದ ಹಿರಿಯರು ಹೇಳಿ ಕಳಿಸಿದರು. ಅದೇ ಕಾಗದದ ಪ್ರತಿ ನೀರಾವರಿಯವರ ಕೈಗೂ ಹೋಯಿತು. ಅಪ್ಪಣೆಯಿಲ್ಲದೆ ತೂಬು ಎತ್ತಿದ ತಪ್ಪಿಗೆ ಹೊನ್ನಯ್ಯನನ್ನು ಕೆಲಸದಿಂದ ಬಿಡಿಸಿದರು.

ಅವನ ಜಾಗಕ್ಕೆ ಬಂದವನು ಅದೇ ಊರಿನ ಅಂಕಯ್ಯ. ಬೀಗದ ಕೈ ಕೊಡುತ್ತಾ ಹೊನ್ನಯ್ಯ, "ಜೀಪು ಬತ್ತದೆ ಅಂದ್ರೆ ಏನೂ ಮಾಡಬ್ಯಾಡ ಕಣ್ಲಾ. ನೀರು ಎಂಗದೋ ಅಂಗೇ ಬುಡು" ಎಂದ.

"ಅಂಗ್ ಬುಟ್ರೆ ಮೊದಲ್ನೇ ಜೀಪ್ನೋರೇ ನನ್ನ ಮನೆಗ್ ಕಳಿಸ್ತಾರೆ ಕಣಣ್ಣ" ಎಂದು ನಕ್ಕು ಅಂಕಯ್ಯ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.